ಕ್ಷೇತ್ರಕಾರ್ಯದ ಗಂಟೆಗಳಿಗೆ ವಿಶ್ವವಿದ್ಯಾಲಯಗಳು ದಾಖಲೆ ಕೊಡಲಿ

ಮಾನ್ಯ ಸಂಪಾದಕರೇ,

ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯು ಮುಗಿಸಿ ಹೊರದೇಶಕ್ಕೆ ಓದಲು ಇಲ್ಲವೇ ದುಡಿಯಲು ಹೋಗಬೇಕೆನ್ನುವವರು ಈಗ ಬೆಂಗಳೂರು, ಮಂಗಳೂರಿನ ಹೆಸರಾಂತ ಕಾಲೇಜುಗಳಲ್ಲಿ ಮಾತ್ರವಲ್ಲ, ಕಲಬುರಗಿ, ವಿಜಯಪುರ, ತುಮಕೂರು, ಶಿವಮೊಗ್ಗದ ತರಗತಿಗಳಲ್ಲೂ ಇದ್ದಾರೆ. ಅವರಲ್ಲಿ ಅನೇಕರು ತಮ್ಮ ಮನೆತನದಲ್ಲೇ ಮೊದಲು ಪದವಿ ಪಡೆದವರು. ಈ ಮಕ್ಕಳಿಗೆ ದಾರಿ ತೋರಿಸುತ್ತಿರುವವರು ಬಹುಪಾಲು ಕನ್ಸಲ್ಟೆನ್ಸಿ ಕಚೇರಿಗಳವರು ಮತ್ತು ಶಿಕ್ಷಣ ಮೇಳಗಳ ಮಳಿಗೆಗಳಲ್ಲಿ ಕುಳಿತವರು. ಪಾಠ ಹೇಳಿದ ವಿಭಾಗಗಳು ಈ ವಿಷಯದಲ್ಲಿ ಹೆಚ್ಚುಕಡಿಮೆ ಮೌನವಾಗಿವೆ. ಬಹುಕಾಲ ಸಮಾಜಕಾರ್ಯವನ್ನು ಬೋಧಿಸಿ ನಿವೃತ್ತಳಾದ ನನಗೆ ಈ ಮೌನ ಸರಿಯೆನಿಸುತ್ತಿಲ್ಲ. ಆದ್ದರಿಂದ ವಿದ್ಯಾರ್ಥಿಗಳು, ಪೋಷಕರು ಮತ್ತು ಮುಖ್ಯವಾಗಿ ವಿಶ್ವವಿದ್ಯಾಲಯಗಳ ಗಮನಕ್ಕೆ ಕೆಲವು ಸಂಗತಿಗಳನ್ನು, ಅದರಲ್ಲೂ ವಿದ್ಯಾರ್ಥಿಗಳು ಓದಿನ ಭಾಗವಾಗಿ ಸಂಸ್ಥೆ, ಸಮುದಾಯಗಳಲ್ಲಿ ಮಾಡುವ ಕ್ಷೇತ್ರಕಾರ್ಯಕ್ಕೆ ಸರಿಯಾದ ದಾಖಲೆ ಇಲ್ಲದಿರುವುದನ್ನು ತರಲು ತಮ್ಮ ಪತ್ರಿಕೆಯಲ್ಲಿ ಜಾಗ ಕೋರುತ್ತಿದ್ದೇನೆ.

ಮೊದಲನೆಯದು, ಪದವಿಯ ಹೆಸರಿಗೂ ಅದು ಕೊಡುವ ಅಧಿಕಾರಕ್ಕೂ ಇರುವ ಅಂತರ. ಬ್ರಿಟನ್ನಿನಲ್ಲಿ 'ಸೋಷಿಯಲ್ ವರ್ಕರ್' ಎಂಬ ಪದನಾಮಕ್ಕೆ ಕಾನೂನಿನ ರಕ್ಷಣೆಯಿದೆ. ಇಂಗ್ಲೆಂಡಿನಲ್ಲಿ 2019ರ ಡಿಸೆಂಬರ್‌ನಿಂದ 'ಸೋಷಿಯಲ್ ವರ್ಕ್ ಇಂಗ್ಲೆಂಡ್' ಎಂಬ ಸಂಸ್ಥೆ ನೋಂದಣಿಯನ್ನು ನೋಡಿಕೊಳ್ಳುತ್ತಿದೆ. ಅಲ್ಲಿ ನೋಂದಣಿ ಆಗದವರು ತಮ್ಮನ್ನು ಸೋಷಿಯಲ್ ವರ್ಕರ್ ಎಂದು ಕರೆದುಕೊಳ್ಳುವಂತೆಯೇ ಇಲ್ಲ. ಆ ಸಂಸ್ಥೆ ಅನುಮೋದಿಸಿದ ಕೋರ್ಸಿನಲ್ಲಿ 200 ದಿನಗಳ ಪ್ರಾಯೋಗಿಕ ಕಲಿಕೆ ಕಡ್ಡಾಯ. ಅದೇ ದೇಶದ ಹಲವು ವಿಶ್ವವಿದ್ಯಾಲಯಗಳು ನಡೆಸುವ ಒಂದು ವರ್ಷದ ಅಂತರರಾಷ್ಟ್ರೀಯ ಸಮಾಜಕಾರ್ಯದ ಎಂಎ ಬೇರೆಯೇ ಆದ ಓದು. ವಲಸೆ, ಮಾನವ ಹಕ್ಕು, ಅಭಿವೃದ್ಧಿ ನೀತಿ, ವಿಪತ್ತು ಪರಿಹಾರ ಇವುಗಳನ್ನು ಅಲ್ಲಿ ಚೆನ್ನಾಗಿಯೇ ಕಲಿಸುತ್ತಾರೆ. ಸಂಶೋಧನೆಗೆ ಹೋಗುವವರಿಗೆ, ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ದುಡಿಯಬೇಕೆನ್ನುವವರಿಗೆ ಅದು ಒಳ್ಳೆಯ ಓದು. ಆದರೆ ಆ ಪದವಿಯೊಂದರಿಂದಲೇ ಅಲ್ಲಿನ ಸ್ಥಳೀಯ ಕೌನ್ಸಿಲ್ಲಿನ ಮಕ್ಕಳ ವಿಭಾಗದಲ್ಲೋ ಆಸ್ಪತ್ರೆಯಲ್ಲೋ ಸೋಷಿಯಲ್ ವರ್ಕರ್ ಆಗಿ ನೋಂದಣಿ ಸಿಗುವುದಿಲ್ಲ. ಜಮೀನನ್ನು ಅಡವಿಟ್ಟು ಸಾಲ ತೆಗೆಯುವ ಮೊದಲು ಕೇಳಬೇಕಾದ ಪ್ರಶ್ನೆ 'ಈ ಕೋರ್ಸ್ ನೋಂದಣಿಗೆ ಅನುಮೋದನೆ ಪಡೆದಿದೆಯೇ' ಎಂಬುದು. ಉತ್ತರವೂ ಗುಟ್ಟಿನದ್ದಲ್ಲ, ಅನುಮೋದಿತ ಕೋರ್ಸುಗಳ ಪಟ್ಟಿಯನ್ನು ಆ ಸಂಸ್ಥೆಯೇ ಪ್ರಕಟಿಸುತ್ತದೆ.

ವೀಸಾ ನಿಯಮಗಳೂ ಬಿಗಿಯಾಗಿವೆ. 2024ರ ಜನವರಿಯಿಂದ ಬೋಧನಾಧಾರಿತ ಸ್ನಾತಕೋತ್ತರ ಕೋರ್ಸಿಗೆ ಬ್ರಿಟನ್ನಿಗೆ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಓದಿನ ನಂತರ ಉಳಿದು ಕೆಲಸ ಹುಡುಕಲು ಇದ್ದ ಎರಡು ವರ್ಷದ ಅವಧಿಯನ್ನು, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಹದಿನೆಂಟು ತಿಂಗಳಿಗೆ ಇಳಿಸುವುದಾಗಿ ಅಲ್ಲಿನ ಸರ್ಕಾರ ತೀರ್ಮಾನಿಸಿದೆ. ಮದುವೆಯಾಗಿ, ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗುವ ಹೆಣ್ಣುಮಕ್ಕಳೂ ಈ ಓದಿಗೆ ಹೊರಡುತ್ತಾರೆ. ಅವರಿಗೆ ಇದು ಮೊದಲೇ ತಿಳಿದಿರಬೇಕು.

ನನ್ನ ಮುಖ್ಯ ಮಾತು ಇದಲ್ಲ. ನೋಂದಣಿಗೆ ದಾರಿಯಿರುವ ಕೋರ್ಸನ್ನೇ ಆರಿಸಿಕೊಂಡವರಿಗೆ, ಅಥವಾ ಇಲ್ಲಿಯ ಎಂಎಸ್‌ಡಬ್ಲ್ಯು ಪದವಿಯನ್ನೇ ಮುಂದಿಟ್ಟು ಅಲ್ಲಿ ಮಾನ್ಯತೆ ಕೇಳುವವರಿಗೆ ಎದುರಾಗುವ ತೊಡಕು ನಮ್ಮ ವಿಶ್ವವಿದ್ಯಾಲಯಗಳ ಕಪಾಟಿನಿಂದಲೇ ಹುಟ್ಟುತ್ತಿದೆ. ಆಸ್ಟ್ರೇಲಿಯಾದಲ್ಲಿ ಅಲ್ಲಿನ ಸಮಾಜಕಾರ್ಯಕರ್ತರ ಸಂಘವಾದ ಎಎಎಸ್‌ಡಬ್ಲ್ಯು ಹೊರದೇಶದ ಪದವಿಗಳನ್ನು ಪರಿಶೀಲಿಸುತ್ತದೆ. ಆ ದೇಶದ ಸ್ವಂತ ಕೋರ್ಸುಗಳಿಗೆ ಅದು ನಿಗದಿ ಮಾಡಿರುವ ಕ್ಷೇತ್ರಕಾರ್ಯ 1000 ಗಂಟೆ. ಅಮೆರಿಕದಲ್ಲಿ ಸಮಾಜಕಾರ್ಯ ಶಿಕ್ಷಣ ಮಂಡಳಿಯ ಮಾನ್ಯತೆ ಪಡೆದ ಎಂಎಸ್‌ಡಬ್ಲ್ಯುಗೆ ಕನಿಷ್ಠ 900 ಗಂಟೆ, ಅದರ ಕೆಳಗಿನ ಸ್ನಾತಕ ಪದವಿಯಾದ ಬಿಎಸ್‌ಡಬ್ಲ್ಯುಗೆ 400 ಗಂಟೆ. ಹೊರದೇಶದ ಪದವಿ ಇದಕ್ಕೆ ಸಮನೇ ಎಂದು ತೂಗಿ ನೋಡುವ ವ್ಯವಸ್ಥೆಯನ್ನೂ ಅದೇ ಮಂಡಳಿ ಇಟ್ಟುಕೊಂಡಿದೆ. ಪರಿಶೀಲಕರು ಅಂಕಪಟ್ಟಿಯಷ್ಟಕ್ಕೇ ತೃಪ್ತರಾಗುವುದಿಲ್ಲ. ಎಷ್ಟು ಗಂಟೆ, ಯಾವ ಸಂಸ್ಥೆಯಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ, ಆ ಮೇಲ್ವಿಚಾರಕರ ಅರ್ಹತೆ ಏನು ಎಂದು ಕೇಳುತ್ತಾರೆ.

ನಮ್ಮ ವಿದ್ಯಾರ್ಥಿಗಳು ಅಷ್ಟು ಕೆಲಸ ಮಾಡಿರುವುದಿಲ್ಲ ಎಂದು ಯಾರೂ ಭಾವಿಸಬಾರದು. ವಾರಕ್ಕೆ ಎರಡು ದಿನ, ದಿನಕ್ಕೆ ಏಳು ಗಂಟೆ, ಸೆಮಿಸ್ಟರಿಗೆ ಹದಿನೈದು ವಾರ, ಹೀಗೆ ನಾಲ್ಕು ಸೆಮಿಸ್ಟರ್ ಎಂದು ಹಿಡಿದರೆ 840 ಗಂಟೆಯಾಗುತ್ತದೆ. ಕೊನೆಯಲ್ಲಿ ಒಂದು ಸಂಸ್ಥೆಯಲ್ಲಿ ಸತತವಾಗಿ ಕೆಲಸ ಮಾಡುವ ಒಂದು ತಿಂಗಳ ಬ್ಲಾಕ್ ಪ್ಲೇಸ್‌ಮೆಂಟನ್ನು 24 ಕೆಲಸದ ದಿನಗಳೆಂದು ಸೇರಿಸಿದರೆ 1008 ಗಂಟೆ. ಗ್ರಾಮೀಣ ಶಿಬಿರದ ದಿನಗಳನ್ನು ನಾನು ಇಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. ಪಠ್ಯಕ್ರಮದಲ್ಲಿ ಬರೆದಷ್ಟನ್ನು ಪ್ರಾಮಾಣಿಕವಾಗಿ ನಡೆಸಿದರೆ ನಮ್ಮ ಎಂಎಸ್‌ಡಬ್ಲ್ಯು ಆಸ್ಟ್ರೇಲಿಯಾ, ಅಮೆರಿಕದ ಈ ಗಂಟೆಗಳ ಅಳತೆಗೆ ಕಡಿಮೆ ಬೀಳುವುದಿಲ್ಲ. ಅದನ್ನು ಸಾಬೀತುಪಡಿಸುವ ಕಾಗದ ಮಾತ್ರ ನಮ್ಮಲ್ಲಿಲ್ಲ.

ಹಳೆಯ ವಿದ್ಯಾರ್ಥಿನಿಯೊಬ್ಬರು ಇಂಥ ಪರಿಶೀಲನೆಯ ನಮೂನೆಯನ್ನು ನನ್ನ ಬಳಿ ತಂದಿದ್ದರು. ಅದರಲ್ಲಿ ಪ್ರತಿ ಪ್ಲೇಸ್‌ಮೆಂಟಿಗೂ ಪ್ರತ್ಯೇಕ ಪುಟ: ಸಂಸ್ಥೆಯ ಹೆಸರು ಮತ್ತು ಸ್ವರೂಪ, ಆರಂಭದ ಮತ್ತು ಮುಕ್ತಾಯದ ದಿನಾಂಕ, ಒಟ್ಟು ಗಂಟೆ, ನಿರ್ವಹಿಸಿದ ಕೆಲಸದ ವಿವರ, ಸಂಸ್ಥೆಯ ಮೇಲ್ವಿಚಾರಕರ ಹೆಸರು ಮತ್ತು ವಿದ್ಯಾರ್ಹತೆ, ವಿಭಾಗದ ಮೇಲ್ವಿಚಾರಕರ ಸಹಿ, ಕೊನೆಗೆ ವಿಶ್ವವಿದ್ಯಾಲಯದ ಮೊಹರು. ಆಕೆ ಓದಿದ ವಿಭಾಗದಲ್ಲಿ ಉಳಿದಿದ್ದದ್ದು 'ಕ್ಷೇತ್ರಕಾರ್ಯ' ಎಂಬ ಒಂದು ಸಾಲು ಮತ್ತು ಅದರ ಮುಂದೆ ಒಂದು ಅಂಕ. ವಾರವಾರ ಬರೆದು ಸಹಿ ಮಾಡಿಸಿದ ರೆಕಾರ್ಡ್ ಪುಸ್ತಕಗಳು ವೈವಾ ಮುಗಿದ ಕೆಲವು ವರ್ಷಗಳಲ್ಲಿ ರದ್ದಿಗೆ ಹೋಗಿದ್ದವು. ಇಂಡಿವಿಜುವಲ್ ಕಾನ್ಫರೆನ್ಸ್ (ವಿದ್ಯಾರ್ಥಿಯೊಬ್ಬರನ್ನೇ ಕೂರಿಸಿಕೊಂಡು ಕ್ಷೇತ್ರಕಾರ್ಯವನ್ನು ಚರ್ಚಿಸುವುದು) ನಡೆಸಿದ್ದವರು ಅತಿಥಿ ಉಪನ್ಯಾಸಕರು. ಅವರು ಊರು ಬಿಟ್ಟು ಬೇರೆ ಜಿಲ್ಲೆಯ ಕಾಲೇಜು ಸೇರಿದ್ದರು, ಅವರ ಸಹಿಗೆ ವಿಭಾಗದಲ್ಲಿ ಈಗ ಬೆಲೆಯಿಲ್ಲ ಎಂಬ ಉತ್ತರ ಬಂತು. ಒಂದು ಸೆಮಿಸ್ಟರ್ ಕೆಲಸ ಮಾಡಿದ್ದ ಸ್ವಯಂಸೇವಾ ಸಂಸ್ಥೆ ಬಾಗಿಲು ಮುಚ್ಚಿತ್ತು. ಆಕೆ ಕೊಳೆಗೇರಿಯ ಮಹಿಳೆಯರ ಗುಂಪಿನೊಂದಿಗೆ ಮಾಡಿದ ಕೆಲಸ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಪಡಿತರ ಚೀಟಿ ಇಲ್ಲದ ಮನೆಗಳ ಪಟ್ಟಿ ಮಾಡಿ, ಆಹಾರ ಇಲಾಖೆಯ ಕಚೇರಿಗೆ ಹೆಂಗಸರನ್ನೇ ಮುಂದೆ ಮಾಡಿಕೊಂಡು ಹೋಗಿ, ಚೀಟಿ ಮಾಡಿಸಿಕೊಟ್ಟಿದ್ದರು. ಅಷ್ಟೆಲ್ಲ ಮಾಡಿದ್ದರೂ ನಮೂನೆಯ ಪುಟಗಳು ತುಂಬಲಿಲ್ಲ. ಆ ವರ್ಷ ಅವರು ಅರ್ಜಿಯನ್ನೇ ಕೈಬಿಡಬೇಕಾಯಿತು.

ಇಂಥ ತೊಂದರೆ ಹೊರಗೆ ಹೋಗುವವರಿಗಷ್ಟೇ ಅಲ್ಲ. ನಮ್ಮ ಸಮಾಜಕಾರ್ಯ ಶಿಕ್ಷಣದ ಬೆನ್ನೆಲುಬು ಕ್ಷೇತ್ರಕಾರ್ಯ. 1936ರಲ್ಲಿ ಮುಂಬೈಯಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರ ನೇತೃತ್ವದಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆ ಆರಂಭವಾದಾಗ (ಅದೇ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು) ಬಂದ ಪದ್ಧತಿ ಇದು. ನಮ್ಮಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಆರಂಭವಾಯಿತು; ಆಮೇಲೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲೆಲ್ಲ ವಿಭಾಗಗಳು ಬೆಳೆದವು. ಸಮಾಜಕಾರ್ಯ ಶಾಲೆಗಳ ಅಂತರರಾಷ್ಟ್ರೀಯ ಸಂಘ ಮತ್ತು ಸಮಾಜಕಾರ್ಯಕರ್ತರ ಅಂತರರಾಷ್ಟ್ರೀಯ ಒಕ್ಕೂಟ ಸೇರಿ 2004ರಲ್ಲಿ ಅಡಿಲೇಡ್‌ನಲ್ಲಿ ಒಪ್ಪಿದ ಜಾಗತಿಕ ಮಾನದಂಡಗಳಲ್ಲೂ, ಕ್ಷೇತ್ರಕಾರ್ಯ ಸಾಕಷ್ಟು ಅವಧಿಯದ್ದಾಗಿರಬೇಕು, ಅನುಭವಿಗಳ ಮೇಲ್ವಿಚಾರಣೆಯಲ್ಲಿ ನಡೆಯಬೇಕು ಎಂಬುದಕ್ಕೆ ದೊಡ್ಡ ಸ್ಥಾನವಿದೆ. ಮೇಲ್ವಿಚಾರಣೆ ಎಂದರೆ ಹಾಜರಿ ನೋಡುವುದಲ್ಲ. ವಿದ್ಯಾರ್ಥಿ ಒಂದು ಮನೆಯ ಜಗಳದ ನಡುವೆ ಆಡಿದ ಮಾತು ಸರಿಯೇ, ಒಂದು ಮಗುವಿನ ಬಗ್ಗೆ ಬರೆದ ವರದಿಯಲ್ಲಿ ಆ ಮಗುವಿನ ಮಾತು ಎಲ್ಲಿದೆ ಎಂದು ಕೂತು ಕೇಳುವ ಕೆಲಸ ಅದು. ಒಬ್ಬೊಬ್ಬ ಅಧ್ಯಾಪಕರ ಪಾಲಿಗೆ ಹತ್ತರ ಒಳಗೆ ವಿದ್ಯಾರ್ಥಿಗಳಿದ್ದರೆ ಮಾತ್ರ ಅದು ನಡೆಯುತ್ತದೆ ಎನ್ನುವುದು ನನ್ನ ಅನುಭವ.

ಈಗಿನ ಸ್ಥಿತಿ ಎಲ್ಲರಿಗೂ ಗೊತ್ತಿರುವುದೇ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದಾರೆ. ವಿಶ್ವವಿದ್ಯಾಲಯಗಳಲ್ಲೂ ನಿವೃತ್ತರಾದವರ ಜಾಗಕ್ಕೆ ಕಾಯಂ ನೇಮಕಾತಿ ವರ್ಷಾನುಗಟ್ಟಲೆ ಆಗುತ್ತಿಲ್ಲ. ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ಎನ್‌ಇಟಿ, ಕೆ-ಸೆಟ್ ಪಾಸಾಗಿ ಪಿಎಚ್.ಡಿ. ಮುಗಿಸಿದವರು ತಿಂಗಳ ಗೌರವಧನಕ್ಕೆ ದುಡಿಯುತ್ತಾರೆ. ಮುಂದಿನ ಸೆಮಿಸ್ಟರಿಗೆ ತಾವು ಇರುತ್ತೇವೋ ಇಲ್ಲವೋ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಅವರಲ್ಲಿ ಶ್ರದ್ಧೆಯಿಂದ ಕಲಿಸುವವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಐದು ವರ್ಷದ ನಂತರ ಬರುವ ಒಂದು ಅಂತರರಾಷ್ಟ್ರೀಯ ಪರಿಶೀಲನೆಗೆ ಉತ್ತರ ಬರೆಯುವ ಹೊಣೆಯನ್ನು ಅವರ ಮೇಲೆ ಹೊರಿಸಲು ಬರುವುದಿಲ್ಲ. ಕಾಯಂ ಅಧ್ಯಾಪಕರಿಲ್ಲದ ವಿಭಾಗಕ್ಕೆ ತನ್ನ ಹಳೆಯ ವಿದ್ಯಾರ್ಥಿಗಳ ನೆನಪೂ ಇರುವುದಿಲ್ಲ.

ಇದಕ್ಕೆ ಇನ್ನೊಂದು ಕೊರತೆ ಸೇರಿಕೊಂಡಿದೆ. ನರ್ಸಿಂಗ್ ಓದಿದವರಿಗೆ ನರ್ಸಿಂಗ್ ಕೌನ್ಸಿಲ್ ಇದೆ, ವಕೀಲರಿಗೆ ಬಾರ್ ಕೌನ್ಸಿಲ್ ಇದೆ. ಸಮಾಜಕಾರ್ಯಕರ್ತರಿಗೆ ಭಾರತದಲ್ಲಿ ಒಟ್ಟಾರೆ ಅನ್ವಯವಾಗುವ ಶಾಸನಬದ್ಧ ಮಂಡಳಿಯೇ ಇಲ್ಲ. ಇಂಥದ್ದೊಂದು ಬೇಕೆಂದು ವೃತ್ತಿ ಸಂಘಟನೆಗಳು ಬಹುಕಾಲದಿಂದ ಕೇಳುತ್ತಲೇ ಬಂದಿವೆ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ವೈದ್ಯಕೀಯ, ಕ್ಲಿನಿಕಲ್ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಸೇರಿದ್ದಾರೆ, ಅಷ್ಟರ ಮಟ್ಟಿಗೆ ಅದು ಸ್ವಾಗತಾರ್ಹ. ಮಕ್ಕಳ ರಕ್ಷಣಾ ಘಟಕದಲ್ಲಿ, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರದಲ್ಲಿ, ಕಾರ್ಖಾನೆಯ ಕಾರ್ಮಿಕ ಕಲ್ಯಾಣದಲ್ಲಿ, ಸಮುದಾಯ ಸಂಘಟನೆಯಲ್ಲಿ ದುಡಿಯುವ ದೊಡ್ಡ ಬಳಗ ಮಾತ್ರ ಹೊರಗೇ ಉಳಿದಿದೆ. 'ನಿಮ್ಮ ದೇಶದಲ್ಲಿ ನಿಮ್ಮ ನೋಂದಣಿ ಸಂಖ್ಯೆ ಎಷ್ಟು' ಎಂದು ಕೇಳಿದರೆ ನಮ್ಮ ಪದವೀಧರರ ಬಳಿ ಉತ್ತರವಿಲ್ಲ. ಮಂಡಳಿ ಇಲ್ಲದಿರುವಾಗ ಅವರ ಪರವಾಗಿ ಮಾತನಾಡಬಹುದಾದ ಏಕೈಕ ಸಂಸ್ಥೆ ಅವರು ಓದಿದ ವಿಶ್ವವಿದ್ಯಾಲಯ. ಅದೂ ದಾಖಲೆ ಇಟ್ಟುಕೊಳ್ಳದಿದ್ದರೆ ಅವರು ಯಾರ ಬಳಿಗೆ ಹೋಗಬೇಕು?

ಬೋಧನಾ ವೃತ್ತಿಯನ್ನು ಬಯಸಿ ಹೋಗುವವರ ದಾರಿಯನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಸಮಾಜಕಾರ್ಯ ವಿಭಾಗಗಳಲ್ಲಿ ಪಿಎಚ್.ಡಿ. ಒಂದೇ ಸಾಲದು, ವೃತ್ತಿ ವಿಧಾನಗಳನ್ನು ಕಲಿಸುವವರಿಗೆ ಮಾನ್ಯತೆ ಪಡೆದ ಎಂಎಸ್‌ಡಬ್ಲ್ಯು ಮತ್ತು ಆ ಪದವಿಯ ನಂತರ ಕನಿಷ್ಠ ಎರಡು ವರ್ಷಗಳ ವೃತ್ತಿ ಅನುಭವ ಇರಬೇಕು ಎಂಬುದು ಮಾನ್ಯತೆಯ ನಿಯಮ. ಇಲ್ಲಿಯ ಎಂಎಸ್‌ಡಬ್ಲ್ಯು ಸಮಾನವೆಂದು ಒಪ್ಪಿತವಾಗದಿದ್ದರೆ ಅಲ್ಲಿಯೂ ಮತ್ತೆ ಅದೇ ಗಂಟೆಗಳ ಪ್ರಶ್ನೆ ಎದುರಾಗುತ್ತದೆ. ಸ್ವೀಡನ್ ಮತ್ತು ನಾರ್ವೆಯಲ್ಲಿ ಪಿಎಚ್.ಡಿ. ಸ್ಥಾನಗಳನ್ನು ಸಂಬಳ ಕೊಡುವ ಉದ್ಯೋಗಗಳಂತೆಯೇ ಪ್ರಕಟಿಸುತ್ತಾರೆ. ಶುಲ್ಕ ಕಟ್ಟಿ ಎರಡನೆಯ ಎಂಎ ಮಾಡುವ ಬದಲು ನೇರವಾಗಿ ಅವುಗಳಿಗೆ ಅರ್ಜಿ ಹಾಕಬಹುದು ಎಂಬುದು ನಮ್ಮ ಬಹಳ ವಿದ್ಯಾರ್ಥಿಗಳಿಗೆ ತಿಳಿದೇ ಇಲ್ಲ. ಮರಳಿ ಬಂದು ಇಲ್ಲಿ ಕಲಿಸಬೇಕೆನ್ನುವವರಿಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಅವಕಾಶವಿದೆ: ನಿಗದಿತ ಜಾಗತಿಕ ಶ್ರೇಯಾಂಕ ಪಟ್ಟಿಗಳಲ್ಲಿ ಮೊದಲ 500ರೊಳಗಿರುವ ವಿಶ್ವವಿದ್ಯಾಲಯದ ಪಿಎಚ್.ಡಿ. ಇದ್ದರೆ ಎನ್‌ಇಟಿ ಇಲ್ಲದೆಯೂ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಸಿಗುತ್ತದೆ. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಪದವಿಗೂ 2022ರ ಜುಲೈನಲ್ಲಿ ಎರಡು ದೇಶಗಳು ಮಾಡಿಕೊಂಡ ಒಪ್ಪಂದದಿಂದ ಮನ್ನಣೆ ದೊರೆತಿದೆ. ಅರ್ಹತೆಯ ಬಾಗಿಲು ತೆರೆದಿದ್ದರೂ ಒಳಗೆ ಹುದ್ದೆಯೇ ಇಲ್ಲದಿರುವುದು ಬೇರೆಯ ಸಂಕಟ.

ಬಡ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾರೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕ ಮತ್ತು ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ ಮಕ್ಕಳಿಗಾಗಿ ಕೇಂದ್ರ ಸರ್ಕಾರ ವರ್ಷಕ್ಕೆ 125 ಮಂದಿಗೆ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಮಾರ್ಗಸೂಚಿಯನ್ನು 2022ರಲ್ಲಿ ಬದಲಿಸಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಸಾಮಾಜಿಕ ಅಧ್ಯಯನದ ವಿಷಯಗಳನ್ನು ಹೊರಗಿಡಲಾಯಿತು. ಪೌರಕಾರ್ಮಿಕರ ಬದುಕಿನ ಮೇಲೋ ದೇವದಾಸಿ ಪದ್ಧತಿಯಿಂದ ಹೊರಬಂದ ಮಹಿಳೆಯರ ಪುನರ್ವಸತಿಯ ಮೇಲೋ ಹೊರದೇಶದಲ್ಲಿ ಸಂಶೋಧನೆ ಮಾಡಬೇಕೆಂಬ ದಲಿತ ವಿದ್ಯಾರ್ಥಿನಿಗೆ ಇದು ನೇರವಾಗಿ ತಟ್ಟುತ್ತದೆ. ಸಮಾಜಕಾರ್ಯದ ವಿದ್ಯಾರ್ಥಿ ತನ್ನ ಜನರ ಬಗ್ಗೆ ಬರೆಯುವುದು ಸಹಜ, ಬರೆಯಬೇಕಾದದ್ದೂ ಹೌದು. ಈ ನಿರ್ಬಂಧವನ್ನು ತೆಗೆದುಹಾಕುವಂತೆ ನಮ್ಮ ಸಂಸದರು ಒತ್ತಾಯಿಸಬೇಕು. ರಾಜ್ಯ ಸರ್ಕಾರ ಪರಿಶಿಷ್ಟ ವಿದ್ಯಾರ್ಥಿಗಳ ಹೊರದೇಶದ ಓದಿಗಾಗಿ ನಡೆಸುವ 'ಪ್ರಬುದ್ಧ' ಯೋಜನೆಯಲ್ಲಿ ಇಂಥ ವಿಷಯಗಳಿಗೆ ಧಾರಾಳವಾಗಿ ಜಾಗ ಸಿಗಬೇಕು.

ಅಂತರರಾಷ್ಟ್ರೀಯ ಸಮಾಜಕಾರ್ಯವನ್ನು ಕಲಿಯಲು ವಿಮಾನ ಹತ್ತಲೇಬೇಕೆಂಬ ಭಾವನೆಯೂ ಸರಿಯಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಎರಡು ಗಂಟೆ ಹೋದರೆ ಬೈಲಕುಪ್ಪೆ. ಅಂದಿನ ಮೈಸೂರು ರಾಜ್ಯ ಕೊಟ್ಟ ಕಾಡು ಭೂಮಿಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರು ಬಂದು ನೆಲೆಸಿದರು; ಆ ಬಳಿಕ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ಶಿಬಿರಗಳಾದವು. ಅವರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ್ದು ಮೈರಾಡ ಸಂಸ್ಥೆ. ಅದರ ಪೂರ್ಣ ಹೆಸರಿನಲ್ಲೇ ಮೈಸೂರು ಮತ್ತು ಪುನರ್ವಸತಿ ಎರಡೂ ಇವೆ. ನಿರಾಶ್ರಿತರ ಕೆಲಸದಿಂದ ಆರಂಭಿಸಿ ಸುತ್ತಲಿನ ಹಳ್ಳಿಗಳಿಗೆ ಹೊರಳಿದ ಆ ಸಂಸ್ಥೆ 1980ರ ದಶಕದಲ್ಲಿ ಕಟ್ಟಿದ ಸ್ವಸಹಾಯ ಗುಂಪುಗಳ ಅನುಭವ, ಮುಂದೆ 1992ರಲ್ಲಿ ನಬಾರ್ಡ್ ಕೈಗೊಂಡ, ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮಕ್ಕೆ ನೆಲೆಯಾದವುಗಳಲ್ಲಿ ಒಂದು. ನಿರಾಶ್ರಿತರ ಸಮಸ್ಯೆ, ಆತಿಥೇಯ ಸಮುದಾಯದೊಂದಿಗಿನ ಸಂಬಂಧ, ಭೂಮಿಯ ಒಡೆತನ, ಸ್ವೆಟರ್ ವ್ಯಾಪಾರಕ್ಕೆ ಚಳಿಗಾಲದಲ್ಲಿ ಊರೂರು ಅಲೆಯುವ ಕುಟುಂಬಗಳ ಮಕ್ಕಳ ಪಾಲನೆ, ಕೆನಡಾ ಅಮೆರಿಕಕ್ಕೆ ಹೊರಟ ಯುವಜನರು ಹಿಂದೆ ಬಿಟ್ಟ ವೃದ್ಧರು ಎಲ್ಲವೂ ಅಲ್ಲಿ ಒಂದೇ ಕಡೆ ಸಿಗುತ್ತವೆ. ಅಲ್ಲಿ ಉಳಿದುಕೊಳ್ಳಬೇಕೆನ್ನುವ ವಿದೇಶಿ ವಿದ್ಯಾರ್ಥಿ ಕೇಂದ್ರ ಗೃಹ ಸಚಿವಾಲಯದ ವಿಶೇಷ ಅನುಮತಿ ಪಡೆಯಬೇಕು; ನಮ್ಮ ವಿದ್ಯಾರ್ಥಿಗೆ ಆ ಅಡ್ಡಿಯಿಲ್ಲ. ಹೀಗಿದ್ದೂ ಎಂಎಸ್‌ಡಬ್ಲ್ಯು ವಿದ್ಯಾರ್ಥಿಗಳು ಬೈಲಕುಪ್ಪೆಯನ್ನು ಹೆಚ್ಚಾಗಿ ನೋಡುವುದು ಸುವರ್ಣ ಮಂದಿರದ ಪ್ರವಾಸದಲ್ಲಿ ಮಾತ್ರ.

ಕರಾವಳಿಯಲ್ಲಿ ಇದರ ಇನ್ನೊಂದು ಮುಖವಿದೆ. ಭಟ್ಕಳ, ಕುಂದಾಪುರ, ಉಳ್ಳಾಲದ ಮನೆಗಳಲ್ಲಿ ಕೊಲ್ಲಿ ರಾಷ್ಟ್ರಗಳ ಕೆಲಸದ ಒಪ್ಪಂದ, ಪಾಸ್‌ಪೋರ್ಟ್ ಕಿತ್ತುಕೊಂಡ ಮಾಲೀಕ, ಬಾರದ ಸಂಬಳ, ಅಲ್ಲಿ ತೀರಿಕೊಂಡವರ ಶರೀರವನ್ನು ತರಿಸುವ ಓಡಾಟ ನಿತ್ಯದ ಮಾತು. ಹೊರದೇಶದಲ್ಲಿ ಮದುವೆಯಾಗಿ ಕೈಬಿಡಲ್ಪಟ್ಟ ಹೆಣ್ಣುಮಕ್ಕಳ ಪ್ರಕರಣಗಳಿವೆ. ಗಡಿ ದಾಟಿದ ಮಕ್ಕಳ ಪಾಲನೆಯ ವಿವಾದಗಳಿಗೆ ಸಂಬಂಧಿಸಿದ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಆದ್ದರಿಂದ ಇಂಥ ಪ್ರಕರಣಗಳಲ್ಲಿ ಎರಡೂ ದೇಶಗಳ ವ್ಯವಸ್ಥೆಯನ್ನು ಬಲ್ಲ ಸಮಾಜಕಾರ್ಯಕರ್ತರ ಅಗತ್ಯ ಮತ್ತಷ್ಟು ಹೆಚ್ಚು. 2011ರಲ್ಲಿ ನಾರ್ವೆಯ ಸ್ಟಾವಂಗರ್ ನಗರದಲ್ಲಿ ಭಾರತೀಯ ದಂಪತಿಯ ಇಬ್ಬರು ಪುಟ್ಟ ಮಕ್ಕಳನ್ನು ಅಲ್ಲಿನ ಮಕ್ಕಳ ಕಲ್ಯಾಣ ಸೇವೆ ವಶಕ್ಕೆ ತೆಗೆದುಕೊಂಡಾಗ ಆದ ಕೋಲಾಹಲ ಓದುಗರಿಗೆ ನೆನಪಿರಬಹುದು. ಮಗುವಿಗೆ ಕೈಯಿಂದ ತಿನ್ನಿಸುವುದು, ತಾಯಿಯ ಜೊತೆ ಮಲಗಿಸುವುದು ಇವುಗಳ ಬಗ್ಗೆ ಆಗ ಎದ್ದ ಚರ್ಚೆಗೆ ಉತ್ತರ ಕೊಡಬೇಕಾದದ್ದು ಸಮಾಜಕಾರ್ಯದ ತರಗತಿಯೇ. ಅದೇ ಸ್ಟಾವಂಗರ್‌ನ ವಿಶ್ವವಿದ್ಯಾಲಯ ಲಿಸ್ಬನ್, ಗೋಥೆನ್‌ಬರ್ಗ್ ಮತ್ತು ಉಗಾಂಡದ ಮಕೆರೆರೆ ವಿಶ್ವವಿದ್ಯಾಲಯಗಳ ಜೊತೆಗೂಡಿ ಕುಟುಂಬ ಮತ್ತು ಮಕ್ಕಳ ಸಮಾಜಕಾರ್ಯದಲ್ಲಿ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಯೋಜನೆಯ ಸ್ನಾತಕೋತ್ತರ ಕೋರ್ಸನ್ನು ನಡೆಸಿದೆ. ಇಂಥ ಕೋರ್ಸುಗಳಿಗೆ ಯುರೋಪಿನ ವಿದ್ಯಾರ್ಥಿವೇತನವೂ ಉಂಟು. ಕರಾವಳಿಯ ಕಾರ್ಮಿಕ ಕುಟುಂಬಗಳೊಂದಿಗೋ ಬೈಲಕುಪ್ಪೆಯಲ್ಲೋ ಒಂದು ಸೆಮಿಸ್ಟರ್ ಕ್ಷೇತ್ರಕಾರ್ಯ ಮಾಡಿ, ಅದಕ್ಕೆ ಸರಿಯಾದ ದಾಖಲೆ ಹಿಡಿದು ಹೋಗುವ ವಿದ್ಯಾರ್ಥಿಯ ಅರ್ಜಿಗೆ ಅಲ್ಲಿ ತೂಕ ಬರುತ್ತದೆ.

ಆದ್ದರಿಂದ ವಿಶ್ವವಿದ್ಯಾಲಯಗಳ ಕುಲಪತಿಗಳಲ್ಲಿ ಮತ್ತು ಸಮಾಜಕಾರ್ಯದ ಅಧ್ಯಯನ ಮಂಡಳಿಗಳಲ್ಲಿ ನನ್ನ ಕೋರಿಕೆ ಇಷ್ಟು. ಪ್ರತಿ ಸೆಮಿಸ್ಟರ್ ಮುಗಿದಾಗ ಸಂಸ್ಥೆಯ ಹೆಸರು, ದಿನಾಂಕ, ಗಂಟೆ, ಮೇಲ್ವಿಚಾರಕರ ಅರ್ಹತೆ, ಕೆಲಸದ ವಿವರ ಇರುವ ಕ್ಷೇತ್ರಕಾರ್ಯ ಪ್ರಮಾಣಪತ್ರವನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಅಂಕಪಟ್ಟಿಯ ಜೊತೆಗೇ ಕೊಡಬೇಕು, ಅದರ ಪ್ರತಿಯನ್ನು ಪರೀಕ್ಷಾಂಗ ವಿಭಾಗ ಅಂಕಗಳಂತೆಯೇ ಶಾಶ್ವತವಾಗಿ ಇಟ್ಟುಕೊಳ್ಳಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಒಂದು ಸಭೆಯ ನಿರ್ಣಯ ಸಾಕು. ಮೇಲ್ವಿಚಾರಣೆಯ ಗಂಟೆಗಳನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ಪೂರ್ತಿಯಾಗಿ ಎಣಿಸಿ, ಆ ಲೆಕ್ಕದ ಮೇಲೆ ಖಾಲಿ ಹುದ್ದೆಗಳ ಪ್ರಸ್ತಾವವನ್ನು ಸರ್ಕಾರಕ್ಕೆ ಕಳಿಸಬೇಕು. ಪ್ರತಿ ವಿಭಾಗದಲ್ಲೂ ಒಬ್ಬ ಅಧ್ಯಾಪಕರು ಹೊರದೇಶದ ಓದಿನ ಬಗ್ಗೆ ಸರಿಯಾದ ಮಾಹಿತಿ ಕೊಡುವ ಹೊಣೆ ಹೊರಬೇಕು. ಈಗಾಗಲೇ ಪದವಿ ಪಡೆದು ದಾಖಲೆಯಿಲ್ಲದೆ ಪರದಾಡುತ್ತಿರುವವರಿಗೆ, ಅವರ ಬಳಿ ಉಳಿದಿರುವ ರೆಕಾರ್ಡ್ ಪುಸ್ತಕ ಮತ್ತು ಸಂಸ್ಥೆಗಳ ಪತ್ರಗಳನ್ನು ನೋಡಿ ಪ್ರಮಾಣಪತ್ರ ನೀಡುವ ಒಂದು ಸಮಿತಿಯನ್ನು ಮುಂದಿನ ಪ್ರವೇಶಾತಿ ಆರಂಭವಾಗುವ ಮೊದಲೇ ರಚಿಸಬೇಕು.

ಇಂತಿ,
ನಿವೃತ್ತ ಸಮಾಜಕಾರ್ಯ ಅಧ್ಯಾಪಕಿ,
ಮೈಸೂರು